ಗುರುರಾಜನ ಕೆಲಸ

ಎರಡನೇ ಸಾಲು ಬಿಟ್ಟ, ಇವತ್ತೂ ಬಿಟ್ಟ, ಬರೆದುಕೊಟ್ಟಿದ್ದನ್ನು ನೋಡಿಕೊಂಡು ಓದುವುದಕ್ಕೂ ಈ ಹುಡುಗನಿಗೆ ಆಗುವುದಿಲ್ಲ, ಕ್ಯಾಮೆರಾ ಮುಂದೆ ಕೂತರೆ ನಾಲಿಗೆ ಒಣಗುತ್ತದಂತೆ — ನಾನು ಕ್ಯಾಮೆರಾಕ್ಕೆ ಸಿಗದ ಹಾಗೆ ಮಂಚದ ಈ ತುದಿಯಲ್ಲಿ ಕಾಲು ಮಡಚಿ ಕೂತು ಎರಡು ಬೆರಳು ತೋರಿಸುತ್ತೇನೆ, ಎರಡನೇದು ಕಣೋ, ಗುರು ಕೆಮ್ಮಿ ಬಿಟ್ಟ ಸಾಲಿಗೆ ಹಿಂದಿರುಗುತ್ತಾನೆ, ನಿನ್ನೆ ನಾನು ಲಾಗಿನ್ ಪುಟ ಯಾಕೆ ನಿಧಾನವಾಗ್ತಿದೆ ಅಂತ ಹುಡುಕಿದೆ ಸರ್, ನಾನು ಸರಿಮಾಡಿದೆ, ನಾನು ಇವತ್ತು ಟೆಸ್ಟ್ ಮಾಡ್ತೀನಿ, ನಾನು ನಾನು ನಾನು — ಕಣ್ಣುರಿ ಬಂದು ಒದ್ದೆಬಟ್ಟೆ ಇಟ್ಟುಕೊಂಡು ಸಂಜೆ ಏಳರವರೆಗೆ ಕೂತು ಹುಡುಕಿದವಳು ಇಲ್ಲಿದ್ದಾಳೆ, ನೀನು ಆಗ ಹಿರಿಯೂರಲ್ಲಿ ಯಾರದೋ ಬೈಕು ನೋಡೋಕೆ ಹೋಗಿದ್ದೆ. ಗುಡ್ ವರ್ಕ್ ಗುರುರಾಜ್ ಅನ್ನುತ್ತಾರೆ ಮ್ಯಾನೇಜರು. ಥ್ಯಾಂಕ್ಯೂ ಸರ್, ಅದೊಂದನ್ನು ಮಾತ್ರ ನನ್ನ ತಮ್ಮ ತಡವರಿಸದೆ ಹೇಳುತ್ತಾನೆ. ಹತ್ತೂಕಾಲಿಗೆ ಮೀಟಿಂಗ್ ಮುಗಿದು ಅವನು ಏಳುತ್ತಾನೆ ನಾನು ಕೂರುತ್ತೇನೆ, ಕುರ್ಚಿ ಇನ್ನೂ ಬೆಚ್ಚಗಿರುತ್ತದೆ, ಅಕ್ಕ ನಾನು ಕೊಬ್ಬರಿ ಮಂಡಿ ಕಡೆ ಹೋಗ್ಬರ್ತೀನಿ, ಅವ್ರು ಏನಾರ ಕೇಳಿದ್ರೆ ಫೋನ್ ಮಾಡು. ಕೇಳುವುದು ಅವನನ್ನು, ಉತ್ತರ ಗೊತ್ತಿರುವುದು ನನಗೆ, ಮತ್ತೆ ಫೋನೂ ನಾನೇ ಮಾಡಬೇಕು.

ಒಂದು ದಿನಕ್ಕೆ ಅಂತ ಶುರುವಾಗಿದ್ದು ಇದು. ಇಬ್ಬರೂ ಚಿತ್ರದುರ್ಗದಲ್ಲೇ ಇಂಜಿನಿಯರಿಂಗ್ ಓದಿದವರು, ನಾನು ಮೊದಲು, ಅವನು ಆಮೇಲೆ, ನನಗೆ ಬೆಂಗಳೂರಿಂದ ಕೆಲಸದ ಪತ್ರ ಬಂದಾಗ ಅಪ್ಪ, ಹೆಣ್ಣುಹುಡುಗಿ ಒಬ್ಳೇ ಅಲ್ಲಿ ಎಲ್ಲಿರ್ತಾಳೆ, ಗಂಡು ಗೊತ್ತಾಗ್ಲಿ ಆಮೇಲೆ ನೋಡಾಣ ಅಂದರು, ಗಂಡೂ ಗೊತ್ತಾಗಲಿಲ್ಲ, ಆಮೇಲೆಯೂ ಬರಲಿಲ್ಲ, ಹೊಸದುರ್ಗದ ಬಸ್‌ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿಕೊಂಡಿದ್ದೆ, ಅಷ್ಟರಲ್ಲಿ ಇವನಿಗೆ ಮನೆಯಿಂದಲೇ ಮಾಡುವ ಈ ಕೆಲಸ ಸಿಕ್ಕಿತು, ಎರಡನೇ ವಾರಕ್ಕೇ ನನ್ನ ಹತ್ತಿರ ಬಂದು ಅತ್ತ, ಅಕ್ಕ ನನ್ ಕೈಲಿ ಆಗ್ತಿಲ್ಲ, ಇದೊಂದು ಮಾಡ್ಕೊಡು. ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಯಿತು, ಕೈ ಏನನ್ನೂ ಮರೆತಿರಲಿಲ್ಲ. ಇದೊಂದು ಅನ್ನುವುದು ಹತ್ತಾಗಿ, ಕಂಪ್ಯೂಟರ್ ಸೆಂಟರ್ ಬಿಟ್ಟು, ಈಗ ಮೂರು ವರ್ಷ, ಬರೆದ ಪ್ರತಿಯೊಂದರ ಕೆಳಗೂ ಗುರುರಾಜ್ ಜಿ. ಅಂತ ಹೆಸರು, ಅಮ್ಮ ಕೇಳಿದವರಿಗೆಲ್ಲ ಬಿಂದು ತಮ್ಮಂಗೆ ಒಂಚೂರು ಕೈ ಆಡಿಸ್ತಾಳೆ ಅನ್ನುತ್ತಾಳೆ — ಒಂಚೂರಂತೆ, ಬೆನ್ನು ಹಿಡಿದುಕೊಂಡಿದೆ ಬೆಳಿಗ್ಗೆಯಿಂದ. ಪಕ್ಕದ ಮನೆ ಮಲ್ಲಕ್ಕ ಕಿಟಕಿಯಲ್ಲಿ ಇಣುಕುತ್ತಾಳೆ, ಏನೇ ಬಿಂದು, ಖಾಲಿ ಕುಂತಿದೀಯಲ್ಲ, ಹಪ್ಪಳ ಒತ್ತಾಕಾದ್ರೂ ಬಾರೆ, ಬರ್ತೀನಿ ಮಲ್ಲಕ್ಕ ಇದೊಂದು ಮುಗಿಸಿ, ಏನೈತೆ ಅದ್ರಾಗೆ ಮುಗಿಸಾಕೆ, ಸಿನಿಮಾನ — ಹೂಂ ಸಿನಿಮಾ. ಹೊಳಲ್ಕೆರೆಯಿಂದ ತೇಜಸ್ವಿನಿ ಫೋನು, ಮುಂದಿನ ತಿಂಗಳು ಗುರುವಿನ ಕೈ ಹಿಡಿಯುವ ಹುಡುಗಿ, ಒಳ್ಳೆಯವಳು, ಅದಕ್ಕೇ ಅವಳ ಮೇಲೆ ಸಿಟ್ಟು ಬರುವುದಿಲ್ಲ, ಅಕ್ಕ ಅವ್ರು ದಿನಾ ಅಷ್ಟೊತ್ತು ಕಂಪ್ಯೂಟರ್ ನೋಡ್ತಾರಲ್ಲ ಕಣ್ಣಿಗೇನೂ ಆಗಲ್ವ, ಒಂಚೂರು ಹೇಳ್ರಿ ಅವ್ರಿಗೆ. ಹೇಳ್ತೀನಮ್ಮ ಅಂದು ನನ್ನ ಕಣ್ಣು ಉಜ್ಜಿಕೊಳ್ಳುತ್ತೇನೆ.

ಮೂರಕ್ಕೆ ಹತ್ತು ನಿಮಿಷ. ಯಾರಿಗೂ ಹೇಳಿಲ್ಲ, ಇವತ್ತು ನನಗೊಂದು ಇಂಟರ್‌ವ್ಯೂ ಇದೆ, ನನಗೆ, ಬಿಂದು ಅನ್ನುವ ಹೆಸರಿಗೆ. ಗುರುವಿನ ಮ್ಯಾನೇಜರಿಗೆ ನೋಡ್ತಾ ಇದೀನಿ ಸರ್ ಅಂತ ಗುರುವಾಗಿ ಬರೆದು ಹಾಕಿ, ತೆಂಗಿನಕಾಯಿ ಗುಡ್ಡೆ ಹಾಕಿರುವ ಹಿಂದಿನ ಕೋಣೆಗೆ ಹೋಗಿ, ಕಾಲೇಜಿನಲ್ಲಿ ಕೊಂಡ ಹಳೇ ಲ್ಯಾಪ್‌ಟಾಪ್ ತೆರೆದೆ, ಪರದೆಯಲ್ಲಿ ನನ್ನ ಮುಖ, ಇವಳು ಯಾರಪ್ಪ ಇಷ್ಟು ಬಾಡಿದವಳು ಅನ್ನಿಸಿತು. ಇಂಟರ್‌ವ್ಯೂ ಮಾಡುವವನು ನನಗಿಂತ ಚಿಕ್ಕವನಿರಬೇಕು, ಕನ್ನಡಕದವನು, ಒಂದು ಪುಟ ತೆರೆಯೋದು ನಿಧಾನವಾದ್ರೆ ಏನು ಮಾಡ್ತೀರಿ ಅಂದ, ನಗು ತಡೆದುಕೊಂಡೆ, ಒಂದೇ ಮಾಹಿತಿಯನ್ನು ನೂರು ಸಲ ಕೇಳ್ತಾ ಇರುತ್ತೆ ನೋಡಿ ಸರ್, ಒಂದೇ ಸಲಕ್ಕೆ ತರಿಸಬೇಕು, ಅಂತ ಅಲ್ಲೇ ಬರೆದು ತೋರಿಸಿದೆ, ಬೆನ್ನುನೋವೂ ಮರೆತುಹೋಗಿತ್ತು. ತುಂಬಾ ಚೆನ್ನಾಗಿದೆ, ಇದನ್ನ ಎಲ್ಲಿ ಕೆಲಸ ಮಾಡಿ ಕಲಿತ್ರಿ, ನಿಮ್ಮ ಅರ್ಜಿಯಲ್ಲಿ ಕೊನೇ ಮೂರು ವರ್ಷ ಏನೂ ಇಲ್ಲವಲ್ಲ. ಈ ಪ್ರಶ್ನೆಗೆ ನಾಲ್ಕು ದಿನದಿಂದ ಪಾತ್ರೆ ತೊಳೆಯುತ್ತ ಉತ್ತರ ಉರುಹೊಡೆದಿದ್ದೇನೆ, ಮೂರು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಸರ್, ಬಾಯಿ ತೆರೆದೆ — ಬಾಗಿಲಲ್ಲಿ ಗುರು. ಹೆಲ್ಮೆಟ್ ಕೈಯಲ್ಲಿದೆ, ಯಾವಾಗ ಬಂದನೋ, ಎಲ್ಲ ಕೇಳಿಸಿಕೊಂಡಿದ್ದಾನೆ, ಭುಜ ಎರಡೂ ಕಿವಿಯ ಹತ್ತಿರಕ್ಕೆ ಏರಿವೆ, ಚಿಕ್ಕವನಿದ್ದಾಗ ಅಪ್ಪ ಕೈ ಎತ್ತಿದರೆ ಹೀಗೇ ಏರುತ್ತಿದ್ದವು. ಹೇಳಿದರೆ ಯಾವ ಕಂಪನಿ ಅನ್ನುತ್ತಾರೆ, ಕಂಪನಿ ಹೇಳಿದರೆ ಅಲ್ಲಿಗೆ ಬರೆದು ವಿಚಾರಿಸುತ್ತಾರೆ, ಅಲ್ಲಿಗೆ ಮುಗಿಯಿತು ಇವನ ಕೆಲಸ, ಹೊಳಲ್ಕೆರೆಯ ಮದುವೆ, ಹಂಚಿ ಆಗಿರುವ ಲಗ್ನಪತ್ರಿಕೆ. ಕನ್ನಡಕದವನು ಕಾಯುತ್ತಿದ್ದಾನೆ. ನಾನೂ ಕಾದೆ, ಗುರುವಿನ ಮುಖವನ್ನೇ ನೋಡುತ್ತ ಕಾದೆ, ಹೇಳಕ್ಕ ಅಂತ ಒಂದು ಸಲ ತಲೆ ಆಡಿಸುತ್ತಾನೇನೋ ಅಂತ, ಆಡಿಸಿದ್ದರೂ ನಾನು ಹೇಳುತ್ತಿರಲಿಲ್ಲ, ಆಣೆಗೂ ಹೇಳುತ್ತಿರಲಿಲ್ಲ, ಆದರೂ ಕಾದೆ. ಮನೇಲಿದ್ದೆ ಸರ್, ಅಂದೆ. ಗುರುವಿನ ಭುಜ ಇಳಿಯಿತು.

ಹಾಗಾದ್ರೆ ಹೊಸಬರ ಜೊತೆ ಆರು ತಿಂಗಳು ತರಬೇತಿ ಆಗುತ್ತೆ, ತಿಳಿಸ್ತೀವಿ ಮೇಡಂ ಅಂದ ಕನ್ನಡಕದವನು, ಆಗಲಿ ಸರ್ ಅಂದೆ. ಗುರು ಟೀ ಮಾಡಿ ತಂದಿದ್ದಾನೆ, ಹುಟ್ಟಿದಾರಭ್ಯ ಒಲೆ ಮುಂದೆ ನಿಂತವನಲ್ಲ, ಸಕ್ಕರೆ ಜಾಸ್ತಿ, ಅಕ್ಕ ಮದ್ವೆ ಒಂದು ಆಗ್ಲಿ, ಆಮೇಲೆ ನೋಡಾಣ ನಿಂದು, ಹೂಂ ಕಣೋ ನೋಡಾಣ, ಅಳಬೇಡ ಮತ್ತೆ. ಅವನೇನು ಅಳುತ್ತಿರಲಿಲ್ಲ. ಮ್ಯಾನೇಜರು ಕೇಳುತ್ತಿದ್ದಾರೆ, ಗುರುರಾಜ್ ಆಯ್ತಾ, ಐದು ನಿಮಿಷ ಸರ್, ಬೆರಳು ತಾವಾಗಿಯೇ ಹೋಗುತ್ತವೆ, ತಪ್ಪು ಇಲ್ಲಿದೆ, ಇದನ್ನು ತೆಗೆದು ಇಲ್ಲಿ ಹಾಕಬೇಕು, ಕುಕ್ಕರ್ ಎರಡು ಸಲ ಕೂಗಿತು, ಅಮ್ಮ ಕರೆಯುತ್ತಿದ್ದಾಳೆ, ಮುದ್ದೆಗೆ ಎಸರಿಡಬೇಕು, ಇಡೋಣ — ತಮ್ಮನ ಮೇಲೆ ಕೋಪವೇ ಅಂದರೆ ಅದೂ ಅಲ್ಲ, ಹೆದರಿದ್ದ, ಯಾರಾದರೂ ಹೆದರುತ್ತಾರೆ, ಅವನ ಜಾಗದಲ್ಲಿದ್ದರೆ ನಾನೂ ಹೆದರುತ್ತಿದ್ದೆ, ಟೆಸ್ಟ್ ಓಡುತ್ತಿದೆ, ಇನ್ನೂ ಓಡುತ್ತಿದೆ, ಬೇರೇನಾದರೂ ಯೋಚಿಸಬೇಕು, ನಾಳೆ ಬೆಳಿಗ್ಗೆ ಅವನು ಓದುವುದಕ್ಕೆ ಬರೆದಿಡಬೇಕು, ನಿನ್ನೆ ನಾನು, ನಿನ್ನೆ ನಾನು — ಮನೇಲಿದ್ದೆ ಅಂದ ತಕ್ಷಣ, ನಾನಿನ್ನೂ ಬಾಯಿ ಮುಚ್ಚಿರಲಿಲ್ಲ, ಆ ಭುಜ. ಎರಡೂ ಒಟ್ಟಿಗೆ ಇಳಿದವು. ಎಷ್ಟು ಹಗುರವಾಗಿ ಇಳಿದವು.