ಮೇಲಿನ ಮನೆಯ ಕುರ್ಚಿ

ನಾಲ್ಕು ಗಂಟೆಯಾದರೆ ಸಾಕು, ಕಂಪ್ಯೂಟರಿನಲ್ಲಿ ಮಕ್ಕಳ ಮುಖಗಳು ಬಾಯಿ ಅರ್ಧ ತೆರೆದಂತೆಯೇ ನಿಂತುಬಿಡುತ್ತಿದ್ದವು. ಮನೆಯಿಂದಲೇ ಗಣಿತ ಹೇಳಿಕೊಡುವ ಟೀಚರಿಗೆ ಕಡೆಯ ಎಚ್ಚರಿಕೆಯೂ ಬಂದಾಗಿತ್ತು: ಶುಕ್ರವಾರ ಮೇಲ್ವಿಚಾರಕರು ಪಾಠ ನೋಡುತ್ತಾರೆ, ಅವತ್ತೂ ನಿಂತರೆ ತರಗತಿ ಬೇರೆಯವರಿಗೆ.

ಇದು ಯಾರ ಕೈವಾಡ? ಮಹಡಿಯ ಮೇಲಿನ ವಾರಗಿತ್ತಿಯದೇ. ಎರಡು ಸಂಸಾರಕ್ಕೂ ಒಂದೇ ಇಂಟರ್ನೆಟ್; ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದವಳು ಕಾಲು ಚಾಚಿ ಸಿನಿಮಾ ನೋಡುತ್ತಿರಬೇಕು. ನಾಲ್ಕಕ್ಕೆ ಸರಿಯಾಗಿ ಮೇಲೆ ಕುರ್ಚಿ ಎಳೆದ ಸದ್ದು ಬೇರೆ. ಅನುಮಾನ ಹೊಕ್ಕ ತಲೆಗೆ ಅಷ್ಟು ಸಾಕ್ಷಿ ಧಾರಾಳವಾಯಿತು.

ಬೀರುವಿನ ಹಿಂದಿದ್ದ ರೌಟರನ್ನು ಟೀಚರು ಮೇಜಿನ ಮೇಲೆ ತಂದಿಟ್ಟಳು, ಕಂಪ್ಯೂಟರಿಗೆ ನೇರವಾಗಿ ವೈರನ್ನೇ ಎಳೆದಳು. ಯಾವುದೂ ಕೆಲಸಕ್ಕೆ ಬರಲಿಲ್ಲ. ಗುರುವಾರ ಮಧ್ಯಾಹ್ನ ಸದ್ದಿಲ್ಲದೆ ಪಾಸ್‌ವರ್ಡ್ ಬದಲಾಯಿಸಿದಳು. ಹೊಸದು ‘ಮೇಲಿನಮನೆಕಳ್ಳಿ’. ಹೊಟ್ಟೆ ತಣ್ಣಗಾಯಿತು.

ನಾಲ್ಕಕ್ಕೆ ಮುಖಗಳು ಮತ್ತೆ ನಿಂತವು. ಇನ್ನು ತಪ್ಪು ಯಾರ ಮೇಲೆ ಹೊರಿಸುವುದು?

ಅಷ್ಟರಲ್ಲಿ ಫೋನ್ ಹಿಡಿದು ವಾರಗಿತ್ತಿಯೇ ಇಳಿದು ಬಂದಳು. ಪರದೆ ನೋಡಿ ಪಕ್ಕ ಕೂತು, ಯಾವ ಪ್ರೋಗ್ರಾಂ ಎಷ್ಟು ನೆಟ್ ತಿನ್ನುತ್ತಿದೆ ಎಂಬ ಪಟ್ಟಿ ತೆಗೆದಳು. ಹಳೆಯ ಪಾಠಗಳ ವಿಡಿಯೊಗಳನ್ನು ದಿನವೂ ನಾಲ್ಕಕ್ಕೆ ಆನ್‌ಲೈನಿಗೆ ಕಳಿಸುವ ಪ್ರೋಗ್ರಾಂ ಎಲ್ಲಕ್ಕಿಂತ ಮೇಲಿತ್ತು. ಅದನ್ನು ಹಾಗೆ ಇಟ್ಟವಳು ಟೀಚರೇ. ವಾರಗಿತ್ತಿಯ ಮಕ್ಕಳು ಆಟವಾಡಲು ಬಂದು ವಿಡಿಯೊ ಅಳಿಸಿಬಿಟ್ಟಾರೆಂಬ ಭಯಕ್ಕೆ ಆನ್‌ಲೈನಿನಲ್ಲಿ ಇನ್ನೊಂದು ಪ್ರತಿ. ತಾನು ಕುರ್ಚಿಯಲ್ಲೇ ಇರುವ ಹೊತ್ತಾದರೆ ಅದರ ಮೇಲೆ ಕಣ್ಣಿಡಬಹುದೆಂದು ನಾಲ್ಕು ಗಂಟೆಯನ್ನೇ ಆರಿಸಿದ್ದಳು.

ವಾರಗಿತ್ತಿ ಅದನ್ನು ನಿಲ್ಲಿಸಿ ಬೆಳಗಿನ ಐದಕ್ಕೆ ಬದಲಿಸಿದಳು. ಪರದೆಯಲ್ಲಿ ಮಕ್ಕಳ ಬಾಯಿ ಆಡತೊಡಗಿತು.

“ನೀನು ‘ಕೇಳಿಸ್ತಾ, ಕೇಳಿಸ್ತಾ’ ಅಂತ ಕೂಗೋದು ಮೇಲಕ್ಕೂ ಕೇಳ್ಸುತ್ತೆ. ನಾನೂ ಹದಿನೈದು ದಿನದಿಂದ ನಾಲ್ಕಾದ್ರೆ ಮಕ್ಕಳ ಫೋನ್ ಕಿತ್ಕೊಂಡು, ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕಾವಲು ಕೂತಿದ್ದೀನಿ, ನಿನ್ನ ಪಾಠ ನಿಲ್ಬಾರ್ದು ಅಂತ,” ಎಂದಳು ವಾರಗಿತ್ತಿ. “ಮಧ್ಯಾಹ್ನದಿಂದ ಮೇಲೆ ನೆಟ್ಟೇ ಇಲ್ಲ. ಪಾಸ್‌ವರ್ಡ್ ಬದಲಾಯ್ತಾ? ಹೇಳು, ಹಾಕ್ಕೋತೀನಿ.”

ಟೀಚರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಳ್ಳು ಹೇಳೋಣವೆಂದರೆ ವಾರಗಿತ್ತಿಯ ಬೆರಳು ಫೋನಿನ ಮೇಲೆ ಕಾಯುತ್ತಿತ್ತು.

“ಬೈಬೇಕು ಅನ್ಸಿದ್ರೆ ಬೈದ್ಬಿಡು, ಅಕ್ಕ,” ಎಂದು ಪಾಸ್‌ವರ್ಡಿನ ಒಂದೊಂದೇ ಅಕ್ಷರ ಹೇಳಿದಳು.

ವಾರಗಿತ್ತಿ ತಲೆಯೆತ್ತದೆ ಕೊನೆಯವರೆಗೂ ಒತ್ತಿದಳು. “ಬಂತು,” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ಸ್ವಲ್ಪ ಹೊತ್ತಿನಲ್ಲಿ ಮೇಲೆ ಕುರ್ಚಿ ಎಳೆದ ಸದ್ದು ಕೇಳಿತು.