ಎರಡು ಗೆರೆ ಕಂಡ ಹರಳು

ಕಣ್ಣಿನ ಶಾಸ್ತ್ರ ಓದದವರು ಕಣ್ಣಿನ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ. ತಿಳಿದವರು ಕ್ಷಮಿಸಬೇಕು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಚೆನ್ನೈನ ಸೌಕಾರ್‌ಪೇಟೆಯ ಒಂದು ಮಹಡಿ ಕೋಣೆಯಲ್ಲಿ ಕೂತು ವಜ್ರ ಪರೀಕ್ಷಿಸಿ ಹೇಳುವುದು ಕಿಟ್ಟುವಿನ ನಲವತ್ತು ವರ್ಷದ ಕೆಲಸ. ಹರಳನ್ನು ಓರೆಯಾಗಿ ಹಿಡಿದು ಬಲಗಣ್ಣಿಗೆ ಭೂತಗನ್ನಡಿ ಒತ್ತಿಕೊಂಡರೆ, ವಜ್ರದೊಳಗಿನ ಅಂಚುಗೆರೆ ಒಂದೇ ಕಾಣಬೇಕು. ಮೊಯ್ಸನೈಟ್ ಎಂಬ ನಕಲಿ ಹರಳಾದರೆ ಅದೇ ಗೆರೆ ಎರಡಾಗುತ್ತದೆ.

ಆ ಬಲಗಣ್ಣಿಗೇ ಪೊರೆ ಬಂತು. ತೆಗೆಸಿ ಲೆನ್ಸ್ ಹಾಕಿಸಿಕೊಂಡ. ದೀಪಗಳಿಗೆಲ್ಲ ಬಾಲ ಕಾಣುತ್ತಿದೆ ಅಂದಾಗ ಆಸ್ಪತ್ರೆಯ ನರ್ಸು, ಹೋಗ್ತಾ ಹೋಗ್ತಾ ಸರಿಹೋಗುತ್ತೆ ಅಂದಳು. ಅಲ್ಲಿಂದ ನಾಲ್ಕು ತಿಂಗಳು ಅವನ ಬಾಯಲ್ಲಿ ಒಂದೇ ಮಾತು: "ಈಚೆಗೆ ಪೇಟೆ ತುಂಬ ನಕಲಿ ಹರಳೇ."

ಆಗ ತಂಗಿ ಜಯಲಕ್ಷ್ಮೀ ಅಮ್ಮನ ಏಳುಕಲ್ಲಿನ ವಜ್ರದೋಲೆ ತಂದಳು. ಅವಳ ಮಗಳು ವಿಭಾಳ ಮದುವೆ ಹತ್ತಿರ ಬಂದಿತ್ತು. ಕಿಟ್ಟು ನೋಡಿದ. ಎರಡೂ ಓಲೆಯ ಹದಿನಾಲ್ಕಕ್ಕೆ ಹದಿನಾಲ್ಕೂ ಜೋಡಿಗೆರೆ.

"ಇವು ಅಮ್ಮನ ಕಲ್ಲಲ್ಲ ಕಣೇ."

"ಹೋದ ದೀಪಾವಳಿಗೆ ಬಿಚ್ಚಿ ಕಟ್ಟಿದ್ದು ಗುಂಡಣ್ಣ. ಇನ್ಯಾರು ಮುಟ್ಟಿದಾರೆ ಅಣ್ಣಾ?"

ಗುಂಡಣ್ಣ ಪಕ್ಕದ ಕೋಣೆಯ ಅಕ್ಕಸಾಲಿಗ; ದಿನಾ ಕಿಟ್ಟುವಿನ ಜೊತೆ ಕಾಫಿ ಕುಡಿಯುವವನು. ಕಿಟ್ಟು ತಡೆಯುವಷ್ಟರಲ್ಲಿ ಜಯಲಕ್ಷ್ಮೀ ಅವನ ಮುಂದೆ ನಿಂತು, ಆಡಬಾರದ್ದು ಆಡಿಯೂ ಆಗಿತ್ತು.

ಗುಂಡಣ್ಣ ಚಿಮಟ ಕೆಳಗಿಟ್ಟ. "ಕಿಟ್ಟು, ಎಡಗಣ್ಣಲ್ಲಿ ನೋಡು."

"ಎಡಗಣ್ಣಲ್ಲಿ ಯಾವತ್ತಾದರೂ ಕಲ್ಲು ನೋಡಿದೀನೇನೋ?"

"ನನ್ನನ್ನ ಯಾವತ್ತಾದರೂ ಕಳ್ಳ ಅಂದಿದ್ದೆಯೇನೋ?"

ಕಿಟ್ಟು ಭೂತಗನ್ನಡಿಯನ್ನು ಎಡಗಣ್ಣಿಗೆ ಒತ್ತಿಕೊಂಡ. ತುಸು ಮಂಜು. ಆ ಮಂಜಿನಲ್ಲೂ ಗೆರೆ ಒಂದೇ.

ಪೋರೂರಿನ ಬೇರೊಬ್ಬ ಡಾಕ್ಟರು ಔಷಧಿ ಹಾಕಿ ಪಾಪೆ ಹಿಗ್ಗಿಸಿ ನೋಡಿದರು. ಲೆನ್ಸ್ ಇರಬೇಕಾದ ಜಾಗದಲ್ಲಿಲ್ಲ, ಪಕ್ಕಕ್ಕೆ ಸರಿದಿದೆ, ಅದರ ಅಂಚು ಪಾಪೆಯ ನಡುವೆ ಬಂದಿದೆ, ಅದಕ್ಕೇ ಒಂದಿದ್ದದ್ದು ಎರಡಾಗಿ ಕಾಣುತ್ತಿದೆ ಅಂದರು. ಇನ್ನೊಂದು ಆಪರೇಷನ್ ಮಾಡಿ ಸರಿಯಾಗಿ ಕೂರಿಸಿದರು. ದೀಪದ ಬಾಲ ಹೋಯಿತು.

ವಿಭಾ ಅಜ್ಜಿಯ ಓಲೆ ಹಾಕಿಕೊಂಡೇ ಹಸೆಮಣೆ ಏರಿದಳು. ಜಯಲಕ್ಷ್ಮೀ ಗುಂಡಣ್ಣನ ಮನೆಗೇ ಹೋಗಿ ತಪ್ಪೊಪ್ಪಿಕೊಂಡಿದ್ದಳು; ಅವನು ಮದುವೆಗೆ ಬಂದ, ಉಂಡ. ಕಾಫಿಗೆ ಮಾತ್ರ ಈಗ ಕರೆದರಷ್ಟೇ ಬರುತ್ತಾನೆ.

ಆ ನಾಲ್ಕು ತಿಂಗಳು ನಕಲಿಯೆಂದು ಹಿಂದಿರುಗಿಸಿದ ಹರಳುಗಳ ಒಡೆಯರನ್ನು ಕಿಟ್ಟು ಹುಡುಕಿದ. ಕೆಲವರು ಸಿಕ್ಕರು. ಉಳಿದವರ ಮನೆಗಳಲ್ಲಿ ಯಾರ ಮೇಲೆ ಕಳ್ಳತನ ಹೊರಿಸಿದರೋ ಗೊತ್ತಿಲ್ಲ. ಲೆನ್ಸ್ ಮೊದಲ ದಿನವೇ ಸರಿದಿತ್ತೋ ಆಮೇಲೆ ಸರಿಯಿತೋ ಡಾಕ್ಟರಿಗೂ ಹೇಳಲಾಗಲಿಲ್ಲ. ಹಾಗಾಗಿ ಯಾವ ದಿನದಿಂದ ತನ್ನ ಮಾತು ಸುಳ್ಳಾಯಿತೆಂಬುದು ಕಿಟ್ಟುವಿಗೂ ತಿಳಿದಿಲ್ಲ.