ಜಿಗುಟು ನೆಲ

ಬಂದಿದ್ದಾನೆ, ಬಂದೇ ಬಂದಿದ್ದಾನೆ, ಇಗೋ ಹೊಸಿಲು ದಾಟಿದ ಕೂಡಲೇ ಮೊದಲ ಹೆಜ್ಜೆ, ಗಂಡಸಿನದೇ, ಅಗಲ ಪಾದ, ನೆಟ್ಟಗೆ ನಿಂತು ನೋಡಿದರೆ ಏನೂ ಇಲ್ಲ, ಬರೀ ಬಿಳಿ ಟೈಲ್ಸು, ತಲೆಯನ್ನು ನೆಲದ ಮಟ್ಟಕ್ಕೆ ಇಳಿಸಿ ಬಾಲ್ಕನಿಯ ಬೆಳಕಿಗೆ ಎದುರಾಗಿ ನೋಡಿದರೆ ಮಾತ್ರ ಕಾಣುತ್ತದೆ, ಒಣಗಿದ ಸೋಪಿನ ತೆಳು ಮಬ್ಬು, ಅದರ ಮೇಲೆ ಒಂದರ ಹಿಂದೊಂದು ಹೆಜ್ಜೆ — ರುದ್ರಸ್ವಾಮಿ ಹೆಲ್ಮೆಟ್ಟನ್ನೂ ತೆಗೆಯದೆ ಬಾಗಿಲಾಚೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ, ಎದುರುಮನೆಯ ಮಂಜುಳಮ್ಮ ಗೇಟಿನಿಂದಲೇ ಏನ್ ಸ್ವಾಮಿ ಏನಾದ್ರೂ ಬೀಳಿಸ್ಕೊಂಡ್ರಾ ಅಂದರು, ಹೂಂ ಕಣಮ್ಮ ಗಾಡಿ ಕೀ ಅಂದ, ಕೀ ಕೈಯಲ್ಲೇ ಇತ್ತು, ಇರಲಿ, ಮೂವತ್ತು ವರ್ಷ ಕಂಡವರ ಮನೆಯ ಕರೆಂಟು ಮೀಟರಿಗೆ ಕಣ್ಣಿಟ್ಟು ಅಂಕಿ ಓದಿ ರಿಟೈರಾದವನಿಗೆ ಸ್ವಂತ ಮನೆಯ ನೆಲ ಓದುವುದೇನು ಮಹಾ. ಒಳಗೆ ಕುಕ್ಕರ್ ಕೂಗುತ್ತಿದೆ, ಲೀಲಾ ಅಡುಗೆಮನೆಯಲ್ಲಿದ್ದಾಳೆ, ಏನೂ ಆಗದವಳ ಹಾಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಳೆ, ಹಾಕಲಿ, ಹಾಕಲಿ.

ಈ ವಿದ್ಯೆ ಅವನೇನು ಬೇಕೆಂದು ಕಲಿತದ್ದಲ್ಲ. ಲೀಲಾಳಿಗೆ ಸೊಂಟ ಹಿಡಿದು ಡಾಕ್ಟರು ಬಗ್ಗಬೇಡಿ ಅಂದ ಮೇಲೆ ನೆಲ ಒರೆಸುವ ಕೆಲಸ ಅವನ ಪಾಲಿಗೆ ಬಂತು, ಮೊದಲ ದಿನ ಅರ್ಧ ಬಕೆಟ್ ನೀರಿಗೆ ನಾಲ್ಕು ಮುಚ್ಚಳ ಲಿಕ್ವಿಡ್ ಸುರಿದ, ಘಮಘಮ ಅನ್ನಲಿ ಅಂತ, ಒಣಗಿದ ಮೇಲೆ ಮನೆಯೆಲ್ಲ ಹೆಜ್ಜೆ ಗುರುತು, ಅವಳು ಕಾಲೆತ್ತಿ ಕಾಲೆತ್ತಿ ಇಡುತ್ತ ರೀ, ಏನ್ರೀ ಇದು, ಬೆಲ್ಲದ ಪಾಕ ಚೆಲ್ದಂಗೆ ಅಂಟ್ತದಲ್ಲ ಅಂದಳು. ಆಮೇಲೆ ಪಾಠ — ಪಾಠ ಹೇಳಿಕೊಟ್ಟವರು ಯಾರು, ಅವಳಲ್ಲ, ಅವಳ ಮೇಷ್ಟ್ರು, ಮಹದೇವಪ್ರಸಾದ್, ರಾಮಕೃಷ್ಣನಗರದಿಂದ ಮಂಗಳವಾರ ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ವಚನ ಹಾಡೋದು ಕಲಿಸಲು ಬರುವ, ಮಡಿಸಿದ ಗೆರೆ ಮುರಿಯದ ಜುಬ್ಬಾದವನು, ರುದ್ರಸ್ವಾಮಿಗಳೇ ಅರ್ಧ ಮುಚ್ಚಳ ಸಾಕು, ಆಮೇಲೆ ಬರೀ ನೀರಲ್ಲಿ ಎರಡು ಸಲ, ಪ್ರತಿ ಸಲ ಬಟ್ಟೆ ಚೆನ್ನಾಗಿ ಹಿಂಡ್ಬೇಕು, ನೀರು ಕದಡಿದ ತಕ್ಷಣ ಬದಲಾಯಿಸ್ಬೇಕು, ಕೊನೇ ನೀರಿಗೆ ಒಂದು ಚೂರು ವಿನಿಗರ್, ಒಣ ಬಟ್ಟೇಲಿ ಒಂದು ಕೈ, ನೋಡಿ ಆಮೇಲೆ ಕಲೆ ಅನ್ನೋದು ಹೆಂಗೆ ಉಳಿಯುತ್ತೆ — ಅಯ್ಯೋ, ಹಾಡೂ ಗೊತ್ತು ನೆಲವೂ ಗೊತ್ತು, ಇನ್ನೇನೇನು ಗೊತ್ತೋ ಇವನಿಗೆ! ಲೀಲಾ ಅದನ್ನು ಮಂತ್ರದ ಹಾಗೆ ಹಿಡಿದುಕೊಂಡಳು, ಮೇಷ್ಟ್ರು ಹೇಳಿದ್ರಲ್ಲ, ಮೇಷ್ಟ್ರು ಹೇಳಿದ್ರಲ್ಲ, ಗಂಡ ಹೇಳಿದ್ದನ್ನು ಮೂವತ್ತೊಂದು ವರ್ಷದಲ್ಲಿ ಒಂದು ಸಲ ಹೀಗೆ ಹೇಳಿದ್ದುಂಟೇ. ಅಂದೇ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು. ಅವನು ಬೇಕೆಂದೇ ಮೂರು ಮುಚ್ಚಳ ಹಾಕತೊಡಗಿದ, ಬರೀ ನೀರಿನಲ್ಲಿ ಒರೆಸುವುದನ್ನು ನಿಲ್ಲಿಸಿದ, ಒಳಗಿನಿಂದ ಹಿಂದೆಹಿಂದೆ ಸರಿಯುತ್ತ ಬಾಗಿಲವರೆಗೆ ಒರೆಸಿಕೊಂಡು ಬಂದು ಅಲ್ಲಿಂದಲೇ ಚಪ್ಪಲಿ ಮೆಟ್ಟಿ ಕೆಸರೆಯಲ್ಲಿರುವ ಹರೀಶನ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಕೂರುವುದು, ಊಟದ ಹೊತ್ತಿಗೆ ಬಂದು ಓದುವುದು. ಮೇಷ್ಟ್ರ ಪಾದ ಬಾಗಿಲಿಂದ ಕುರ್ಚಿಗೆ, ಕುರ್ಚಿಯಿಂದ ಬಾಗಿಲಿಗೆ. ಲೀಲಾಳದು ಶ್ರುತಿ ಪೆಟ್ಟಿಗೆಯ ಹತ್ತಿರ, ಆಮೇಲೆ ಕಾಫಿ ತರಲು ಅಡುಗೆಮನೆಗೆ. ಅಷ್ಟೇ. ಅಷ್ಟೇ ಇದ್ದರೂ ಮೈ ಉರಿಯುತ್ತಿತ್ತು, ಕಾಫಿ ಕೊಡುವಾಗ ಅಷ್ಟು ಹತ್ತಿರ ಯಾಕೆ ನಿಲ್ಲಬೇಕು, ಟೀಪಾಯಿ ಇಲ್ಲವೇ.

ಅಮ್ಮಾ ನಿಮ್ಮ ಕಂಠ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಅಂದಿದ್ದನಂತೆ ಆ ಮನುಷ್ಯ, ಅವಳು ಅದನ್ನು ಎರಡು ಸಲ ಹೇಳಿದಳು, ಚಪಾತಿ ಲಟ್ಟಿಸುತ್ತ ಒಮ್ಮೆ, ಮಲಗುವಾಗ ಒಮ್ಮೆ. ಎಲ್ಲಿ ಬಚ್ಚಿಟ್ಟಿದ್ದಳು? ಮದುವೆಯಾದ ಹೊಸದರಲ್ಲಿ ಬಟ್ಟೆ ಒಗೆಯುತ್ತ ಹಾಡಿಕೊಳ್ಳುತ್ತಿದ್ದಳು, ಅವನೇ ಅಲ್ಲವೇ ಒಂದು ಸಂಜೆ ವಾರ್ತೆ ಬರ್ತಾ ಇದೆ ಸುಮ್ನಿರೇ ಅಂದದ್ದು, ಒಂದೇ ಸಲ ಅಂದದ್ದು, ಅಷ್ಟಕ್ಕೇ ಬಾಯಿ ಮುಚ್ಚಿಕೊಂಡುಬಿಡಬೇಕೇ, ಬಿಡು, ಈಗ ಅದಲ್ಲ ಮಾತು. ಮಾತು ಏನೆಂದರೆ ಹದಿನೈದು ದಿನದಿಂದ ನೆಲದ ಮೇಲೆ ಮೇಷ್ಟ್ರ ಪಾದವೇ ಇಲ್ಲ. ಒಂದು ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ, ಇನ್ನೊಂದು ಮಂಗಳವಾರವೂ ಇಲ್ಲ. ಬೇರೆ ಗಂಡನಾಗಿದ್ದರೆ ನೆಮ್ಮದಿಯಾಗಿ ಉಣ್ಣುತ್ತಿದ್ದ, ರುದ್ರಸ್ವಾಮಿ ತಟ್ಟೆ ಬಿಟ್ಟೆದ್ದು ಮತ್ತೊಮ್ಮೆ ನೆಲ ನೋಡಿದ, ಮೇಷ್ಟ್ರು ಹೋದ ಮೇಲೆ ಇವಳೇ ಒರೆಸಿಬಿಡುತ್ತಾಳೆ, ಸೊಂಟ ನೋವು ಅನ್ನುವುದೆಲ್ಲ ನಾಟಕ, ಅನುಮಾನಂ ಪೆದ್ದರೋಗಂ ಅಂತ ಅವನಿಗೂ ಗೊತ್ತು, ಗೊತ್ತಿದ್ದರೆ ರೋಗ ಬಿಟ್ಟು ಹೋಗುತ್ತದೆಯೇ. ಇವತ್ತು ಶುಕ್ರವಾರ. ಇವತ್ತು ಒರೆಸಲು ಮರೆತಿದ್ದಾಳೆ. ಸಿಕ್ಕಿಬಿದ್ದಳು ಅನ್ನಿಸಿದಾಗ ಎದೆಯಲ್ಲಿ ಒಂದು ಥರ ಖುಷಿಯೇ ಆಯಿತು, ನಾಚಿಕೆಗೆಟ್ಟ ಖುಷಿ.

ಗೋಡೆಯಂಚಿಗೆ ಬೆನ್ನು ತಾಗಿಸಿಕೊಂಡು ಗುರುತು ಕೆಡದ ಹಾಗೆ ಒಳಗೆ ಸರಿದ, ಹೆಲ್ಮೆಟ್ಟು ಗೋಡೆಗೆ ಟಕ್ ಅಂದಿತು, ಉಸಿರು ಹಿಡಿದ. ಪಾದ ಕುರ್ಚಿಯ ಕಡೆ ತಿರುಗಿಲ್ಲ, ನೇರ ಒಳಕ್ಕೆ, ಊಟದ ಮೇಜು ದಾಟಿ ದೇವರಮನೆಯ ಪಕ್ಕಕ್ಕೆ ಹೋಗಿ ನಿಂತಿದೆ, ಎರಡು ಪಾದ ಜೋಡಿಯಾಗಿ ನಿಂತಿದೆ, ಅದರ ಎದುರಿಗೆ — ಎದುರಿಗೆ ಅವಳದು. ಅವಳದೇ, ಕಾಲುಂಗುರದ ಬೆರಳು ಕೊಂಚ ಪಕ್ಕಕ್ಕೆ ಸರಿದಿರುತ್ತದೆ, ಆದರೆ ಹಿಮ್ಮಡಿ ಇಲ್ಲ, ಬರೀ ಬೆರಳು, ಐದು ಮತ್ತು ಐದು, ತುದಿಗಾಲಲ್ಲಿ ನಿಂತಿದ್ದಾಳೆ, ಗಂಡಸಿನ ಪಾದಕ್ಕೆ ಒಂದು ಗೇಣು ದೂರದಲ್ಲಿ, ಮುಖಕ್ಕೆ ಮುಖವಾಗಿ. ಅಯ್ಯೋ ನನ್ನಪ್ಪ. ಹೆಂಗಸು ತುದಿಗಾಲಲ್ಲಿ ನಿಲ್ಲುವುದು ಯಾತಕ್ಕೆ, ಎತ್ತರದವನ ಹತ್ತಿರ ನಿಲ್ಲುವುದು ಯಾತಕ್ಕೆ, ತನಗಾಗಿ ಎಂದಾದರೂ ನಿಂತಿದ್ದಳೇ, ನೆನಪಿಲ್ಲ, ಒಂದು ಸಲವೂ ನೆನಪಿಲ್ಲ. ಸೊಂಟ ಹಿಡಿದವಳು, ಬಕೆಟ್ ಎತ್ತಲಾರದವಳು, ಅವನಿಗಾಗಿ ಬೆರಳಿನ ಮೇಲೆ ಇಡೀ ಮೈ ಎತ್ತಿದ್ದಾಳೆ! ಎಣಿಸಿದ, ಮತ್ತೆ ಎಣಿಸಿದ, ಹತ್ತು ಬೆರಳು, ಹಿಮ್ಮಡಿ ಇಲ್ಲ.

ಬಂದದ್ದು ಯಾವಾಗ, ಹೆಲ್ಮೆಟ್ಟು ಹಾಕ್ಕೊಂಡೇ ಊಟಕ್ಕೆ ಕೂರ್ತೀರಾ ಎಂದು ಲೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಇವತ್ತು ಮೇಷ್ಟ್ರು ಬಂದಿದ್ರಾ, ತನ್ನ ದನಿ ತನಗೇ ಸಣ್ಣಗೆ ಕೇಳಿಸಿತು. ಅವಳು ಸೆರಗು ಸಿಕ್ಕಿಸಿಕೊಂಡು, ಅವರಿಗೆ ಬರಬೇಡಿ ಅಂತ ಹೇಳಿ ಹದಿನೈದು ದಿನ ಆಯ್ತು ಅಂದಳು. ಯಾಕೆ. ಯಾಕೆ ಅಂತ ನನ್ನ ಕೇಳ್ತೀರಾ, ನೀವು ದಿನಾ ಬಂದು ನೆಲ ಮೂಸೋದು ನನಗೆ ಕಾಣಲ್ವಾ, ಬೇಕು ಅಂತ ಜಿಗುಟು ಬಿಡ್ತೀರ ಅಂತ ಗೊತ್ತಾಗಲ್ವಾ, ಹಾಡು ಹಾಳಾಗ್ಲಿ, ಮನೇಲಿ ನೆಮ್ಮದಿ ಇರ್ಲಿ ಅಂತ ಬುಟ್ಬುಟ್ಟೆ ಕಣ್ರೀ. ಹಾಗಾದ್ರೆ ಇದ್ಯಾರ ಕಾಲು ಎಂದು ಅವನು ಬೆರಳು ತೋರಿದ. ಅವಳು ನೆಲ ನೋಡಿದಳು, ಅವನನ್ನು ನೋಡಿದಳು, ನಗುತ್ತಾಳೆ ಅಂದುಕೊಂಡ, ನಗಲಿಲ್ಲ. ಇಡಿ ನಿಮ್ಮ ಕಾಲ್ನ ಅದರ ಮೇಲೆ. ಏನು. ಇಡ್ರೀ ಅಂದ್ನಲ್ಲ. ಇಟ್ಟ. ಬಲಗಾಲು, ಆಮೇಲೆ ಎಡಗಾಲು, ಎಳ್ಳಷ್ಟೂ ಹೆಚ್ಚುಕಡಿಮೆ ಇಲ್ಲ, ಅರವತ್ತೊಂದು ವರ್ಷ ಅದೇ ಕಾಲಲ್ಲಿ ನಡೆದವನು ತನ್ನ ಪಾದದ ಗುರುತನ್ನೇ ಕಂಡಿರಲಿಲ್ಲ.

ಬೆಳಿಗ್ಗೆ. ಚಪ್ಪಲಿ ಮೆಟ್ಟಿದ್ದ, ರೀ ಒಂದ್ನಿಮಿಷ ಬನ್ನಿ ಇಲ್ಲಿ ಎಂದು ದೇವರಮನೆಯಿಂದ ಕರೆದಳು, ಹೌದು, ಕರೆದಿದ್ದಳು, ಬೇಗ ಹೇಳು ಬೇಗ ಹೇಳು ಎನ್ನುತ್ತ ಚಪ್ಪಲಿ ಕಳಚಿ ಬಂದು ನಿಂತಿದ್ದ, ಹಿಂದೆ ಮಡಿಸಿಹೋಗಿದ್ದ ಕಾಲರನ್ನು ಎಳೆದು ಸರಿಮಾಡಿದಳು, ಕೈ ಕುತ್ತಿಗೆಯ ಮೇಲೆ ಇನ್ನೂ ಇತ್ತು, ವಿಭೂತಿಯ ವಾಸನೆ, ಕಿವಿಯ ಹತ್ತಿರ ಅವಳ ಬಾಯಿ, ಏನೋ ಅಂದಳು, ಇಷ್ಟೇ ಸಣ್ಣ ಮಾತು, ಅವನ ಕಣ್ಣು ನೆಲದ ಮೇಲಿತ್ತು, ಇನ್ನೂ ಒಣಗಿಲ್ಲ, ಕೆಟ್ಟುಹೋಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದ, ಹೂಂ ಹೂಂ ಅಂದು ಹೊರಟುಬಿಟ್ಟಿದ್ದ. ಏನಂದೆ ಲೀಲಾ, ಬೆಳಿಗ್ಗೆ ಏನಂದೆ. ಏನಿಲ್ಲ ಬುಡಿ. ಹೇಳೇ. ಆಗ ಹೇಳ್ದೆ, ಮುಗೀತು, ಅಂದವಳೇ ಬಚ್ಚಲಿಗೆ ಹೋಗಿ ಬಕೆಟ್ಟು ತಂದಳು, ಬರೀ ನೀರು, ಎರಡು ಬೆರಳಷ್ಟು ವಿನಿಗರ್, ಸೊಂಟ ಹಿಡಿದುಕೊಂಡೇ ಬಗ್ಗಿದಳು, ಕೊಡು ನಾನು ಒರೆಸ್ತೀನಿ ಅಂದ, ಸರೀರಿ ಆ ಕಡೆ ಅಂದಳು, ಬಟ್ಟೆ ಹಿಂಡಿದಳು, ಒಂದು ಸಲ, ಇನ್ನೊಂದು ಸಲ, ಆಮೇಲೆ ಒಣ ಬಟ್ಟೆ. ಅವನು ಬಗ್ಗಿ ನೋಡಿದ, ಬೆಳಕಿಗೆ ಎದುರಾಗಿ ನೋಡಿದ, ಏನೂ ಇಲ್ಲ, ಫ್ಯಾನು ತಿರುಗುವುದು ಸಹ ಕಾಣುವಷ್ಟು ಚೊಕ್ಕ, ಅವಳು ತಟ್ಟೆ ಹಾಕಿ ಬನ್ನಿ ಎನ್ನುತ್ತಿದ್ದಾಳೆ, ಏನಂದಿದ್ದಳು, ಬೇಗ ಬನ್ನಿ ಅಂದಳೋ, ಬೇರೇನೋ ಅಂದಳೋ, ಐದು ಮತ್ತು ಐದು, ಹಿಮ್ಮಡಿ ಎತ್ತಿ, ಸೊಂಟ ನೋವಲ್ಲಿ, ಏನೋ ಅಂದಿದ್ದಳು, ಹತ್ತು ಬೆರಳು, ಹಿಮ್ಮಡಿ ಇಲ್ಲ, ಹತ್ತು ಬೆರಳು —